ಬಿಸಿ ಕೈಯಲ್ಲಿ ಹಿಡಿದ ಗಾಜು

ಮಸೂರ ತಯಾರಿಸುವ ಆ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಯಾರ ಅತ್ತಿಗೆ ಎಂದು ಕೇಳುವವರಿರಲಿಲ್ಲ. ಗಂಡನ ತಂಗಿ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಳುಕಿನಿಂದ ಮಾತುಮಾತಿಗೂ “ಅತ್ತಿಗೆ, ಅತ್ತಿಗೆ” ಎನ್ನುತ್ತ ಬೆನ್ನಿಗೆ ಅಂಟಿಕೊಂಡು ಓಡಾಡುತ್ತಿದ್ದಳು. ಅದನ್ನು ಕೇಳಿ ಕೇಳಿ ಉಳಿದವರ ನಾಲಿಗೆಗೂ ಅದೇ ಕೂತಿತು. ತನಗಿಂತ ಹಿರಿಯರಾದ ಗಂಡಸರೂ ಕೊನೆಗೆ ಯಜಮಾನರೂ ಹಾಗೆಯೇ ಕರೆಯತೊಡಗಿದಾಗ ಆಕೆಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಬಿರುದಿನಂತಿದ್ದ ಆ ಹೆಸರು ನಾದಿನಿಯ ದಾನವೆಂಬುದು ಚುಚ್ಚತೊಡಗಿದ್ದು ಬಹಳ ವರ್ಷಗಳ ನಂತರ.

ಕಾರ್ಖಾನೆಯೆಂದರೆ ಒಂದು ಉದ್ದನೆಯ ಹಜಾರ. ಎರಡೂ ಬದಿಗೆ ತಿರುಗುವ ತಟ್ಟೆಗಳ ಸಾಲು; ತಟ್ಟೆಗಳ ಮೇಲೆ ರಾಳದ ಹಾಸು; ಅದರ ಮೇಲೆ ನೀರಿನಲ್ಲಿ ಕಲೆಸಿದ ಕೆಂಪು ಪುಡಿ. ಅರೆದು ಆಕಾರಕ್ಕೆ ತಂದ ಗಾಜನ್ನು ಆ ಹಾಸಿನ ಮೇಲೆ ಒತ್ತಿ ಹಿಡಿದು ಗಂಟೆಗಟ್ಟಲೆ ಉಜ್ಜಿದರೆ ಹೊಳಪು ಬರುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಅಲ್ಲಿಯವರ ಕೈ ಕೆಸರಾಗುವುದಿಲ್ಲ, ಕೆಂಪಾಗುತ್ತದೆ. ಉಗುರಿನ ಸಂದಿನ ಕೆಂಪು ಎಷ್ಟು ತೊಳೆದರೂ ಹೋಗುವುದಿಲ್ಲ.

ಹಜಾರದ ಕೊನೆಗೆ, ಕಿಟಕಿಯ ಪಕ್ಕದಲ್ಲಿ, ಪರೀಕ್ಷೆಯ ಮೇಜು. ಅದರ ಮೇಲೆ ಹಳದಿ ಬೆಳಕಿನ ಒಂದು ದೀಪ, ಕರಿಕಲ್ಲಿನ ಒಂದು ಹಾಸು, ಮೇಜಿನ ಹಿಂದೆ ಎತ್ತರದ ಒಂದು ಸ್ಟೂಲು. ಸಿದ್ಧವಾದ ಮಸೂರದ ಮೇಲೆ ನಿಖರವೆಂದು ಗೊತ್ತಿರುವ ಒಂದು ಮಾದರಿ ಗಾಜನ್ನಿಟ್ಟು ಆ ದೀಪದ ಕೆಳಗೆ ಹಿಡಿದರೆ, ಎರಡರ ನಡುವಿನ ಕೂದಲೆಳೆಗಿಂತ ತೆಳುವಾದ ಗಾಳಿಯ ಪದರದಲ್ಲಿ ಕಪ್ಪು ಹಳದಿ ಉಂಗುರಗಳು ಮೂಡುತ್ತವೆ. ಕೆಲಸದವರು ಅವನ್ನು ಬಳೆಗಳೆನ್ನುತ್ತಾರೆ. ಬಳೆ ದುಂಡಗಿದ್ದರೆ ಗಾಜು ಸರಿ. ಸೊಟ್ಟಗಿದ್ದರೆ ಮತ್ತೆ ತಟ್ಟೆಗೆ. ಈ ತೀರ್ಪು ಹೇಳುವವರು ಆ ಸ್ಟೂಲಿನ ಮೇಲೆ ಕೂರುತ್ತಾರೆ, ಮತ್ತು ಅದರ ಮೇಲೆ ಕೂತವರೇ ಹಜಾರಕ್ಕೆ ಮುಖ್ಯಸ್ಥರು.

ಅತ್ತಿಗೆಗೆ ಬದುಕಿನಲ್ಲಿ ಬೇಕಾಗಿದ್ದುದು ಆ ಸ್ಟೂಲು. ಮನೆ, ಒಡವೆ, ಪ್ರವಾಸ ಎಂದು ಆಕೆ ಬಾಯಿಬಿಟ್ಟು ಕೇಳಿದವಳಲ್ಲ. ಮದುವೆಗೆ ಮುಂಚೆ ಹೊಲಿಗೆ ಕಲಿತಿದ್ದಳು. ಸಿದ್ಧ ಉಡುಪಿನ ಅಂಗಡಿಗಳು ಬಂದು ಆ ಕೆಲಸ ಕೈಬಿಟ್ಟಾಗ ಹೆದರುತ್ತಲೇ ಇಲ್ಲಿಗೆ ಬಂದಿದ್ದಳು. ಬಟ್ಟೆಯಾದರೆ ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ಗಾಜಿನಲ್ಲಿ ಒಮ್ಮೆ ಸವೆದದ್ದು ಮರಳಿ ಬಾರದು. ಆದ್ದರಿಂದಲೇ ಇರಬೇಕು, ಆಕೆ ತಪ್ಪದಂತೆ ಕೆಲಸ ಮಾಡುವುದನ್ನು ಕಲಿತಳು, ಮತ್ತು ತಪ್ಪುವವರನ್ನು ಕ್ಷಮಿಸುವುದನ್ನು ಕಲಿಯಲಿಲ್ಲ. ಆಕೆಯ ಕೈಯಿಂದ ಬಂದ ಗಾಜು ಪರೀಕ್ಷೆಯ ಮೇಜಿನಿಂದ ಹಿಂದಿರುಗಿದ್ದು ಅಪರೂಪ.

ನಾದಿನಿಯನ್ನು ಅಲ್ಲಿಗೆ ಕರೆತಂದವಳೂ ಆಕೆಯೇ. ಮದುವೆ ಮುರಿದು ಅಣ್ಣನ ಮನೆಗೆ ಹಿಂದಿರುಗಿದ ಆ ಹುಡುಗಿ ತಿಂಗಳುಗಟ್ಟಲೆ ಒಂದು ಮೂಲೆ ಹಿಡಿದು ಕೂತಿದ್ದಾಗ, ಒಂದು ಬೆಳಿಗ್ಗೆ ಅತ್ತಿಗೆ ಕೈಹಿಡಿದು ಎಬ್ಬಿಸಿದ್ದಳು.

“ಏಳು. ಗೋಡೆ ನೋಡ್ಕೊಂಡು ಕೂತ್ರೆ ಗೋಡೆ ಬೀಳಲ್ಲ, ನೀನೇ ಬೀಳ್ತೀಯ.”

“ನನಗೆ ಏನೂ ಬರಲ್ಲ ಅತ್ತಿಗೆ.”

“ಗಾಜಿಗೂ ಏನೂ ಬರಲ್ಲ. ಉಜ್ಜಿದ್ರೆ ಹೊಳೆಯುತ್ತೆ. ನಡಿ.”

ಎಲ್ಲಕ್ಕಿಂತ ಮೊದಲು ಕಲಿಸಿದ ಪಾಠ ಆ ಕರಿಕಲ್ಲಿನದು. ಉಜ್ಜಿದ ಗಾಜು ಬಿಸಿಯಾಗಿರುತ್ತದೆ. ಬಿಸಿ ಗಾಜು ಸುಳ್ಳು ಹೇಳುತ್ತದೆ. ಅಂಗೈಯ ಶಾಖವೇ ಸಾಕು, ಕಣ್ಣಿಗೆ ಕಾಣದಷ್ಟು ಉಬ್ಬಿಬಿಡುತ್ತದೆ. ಬಳೆಗಳು ಮಾತ್ರ ಅದನ್ನು ಕಂಡು ಸೊಟ್ಟಗಾಗುತ್ತವೆ. ಆದ್ದರಿಂದ ಗಾಜನ್ನೂ ಮಾದರಿ ಗಾಜನ್ನೂ ಕಲ್ಲಿನ ಮೇಲೆ ಮಲಗಿಸಿ, ಒಂದು ಲೋಟ ಚಹಾ ನಿಧಾನವಾಗಿ ಕುಡಿದು ಮುಗಿಸುವಷ್ಟು ಹೊತ್ತು ಬಿಟ್ಟು, ಆಮೇಲೆ ನೋಡಬೇಕು. “ಬಿಸಿ ಗಾಜಿನ ಮಾತು ನಂಬಿದೋರು ಕೆಟ್ಟರು,” ಎಂದು ಅತ್ತಿಗೆ ಎಷ್ಟು ಸಲ ಹೇಳಿದ್ದಳೆಂದರೆ, ಹಜಾರದಲ್ಲಿ ಯಾರಾದರೂ ಆತುರಪಟ್ಟರೆ ಉಳಿದವರು ಆಕೆಯ ಧ್ವನಿಯನ್ನೇ ಅಣಕಿಸಿ ಅದನ್ನು ಹೇಳಿ ನಗುತ್ತಿದ್ದರು.

ಸ್ಟೂಲಿನ ಮೇಲೆ ಬಹುಕಾಲ ಕೂತಿದ್ದ ಮುದುಕ ಮೇಸ್ತ್ರಿ ಕಣ್ಣು ಮಂಜಾಗಿ ನಿವೃತ್ತನಾಗುತ್ತಾನೆಂಬ ಸುದ್ದಿ ಬಂದಾಗ, ಆ ಜಾಗ ಯಾರ ಪಾಲಿಗೆಂದು ಯಾರೂ ಚರ್ಚಿಸಲಿಲ್ಲ. ಹಜಾರದ ಸುದ್ದಿಯನ್ನೆಲ್ಲ ಬಿತ್ತರಿಸುವುದರಿಂದ ‘ರೇಡಿಯೊ’ ಎಂದೇ ಹೆಸರಾದ ಅರೆಯುವ ಕೆಲಸದ ಹೆಂಗಸು, “ಅತ್ತಿಗೆ, ಮೇಲೆ ಹತ್ತಿದ ಮೇಲೆ ನಮ್ಮನ್ನ ಮರೀಬೇಡಿ ಮತ್ತೆ,” ಎಂದು ಮುಂಗಡವಾಗಿಯೇ ಅರ್ಜಿ ಹಾಕಿಕೊಂಡಿದ್ದಳು. ಅತ್ತಿಗೆ ಕನ್ನಡಿಯ ಮುಂದೆ ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದ್ದೂ ಉಂಟು.

ಯಜಮಾನರು ಎಲ್ಲರನ್ನೂ ಸೇರಿಸಿ ನಾದಿನಿಯ ಹೆಸರು ಹೇಳಿದರು.

ಚಪ್ಪಾಳೆ ತಟ್ಟಿದವರಲ್ಲಿ ಅತ್ತಿಗೆಯೂ ಇದ್ದಳು. ಕೈ ತನ್ನ ಪಾಡಿಗೆ ತಟ್ಟುತ್ತಿತ್ತು. ಅದು ತನ್ನದೇ ಕೈ ಎಂದು ನಂಬಲು ಆಕೆಗೆ ಕಷ್ಟವಾಯಿತು. ಮೇಸ್ತ್ರಿ ತನ್ನ ಡಬ್ಬಿ, ಕನ್ನಡಕ ಎತ್ತಿಕೊಂಡು ಹೊರಡುವಾಗ ಬಾಗಿಲಲ್ಲಿ ಅಡ್ಡ ನಿಂತಳು.

“ಯಜಮಾನರಿಗೆ ಯಾರು ಹೇಳಿಕೊಟ್ಟರು ಅವಳ ಹೆಸರು?”

“ನಾನೇ,” ಎಂದ ಮುದುಕ, ತಡವರಿಸದೆ.

“ನಾನು ಎಲ್ಲಿ ತಪ್ಪಿದೆ?”

“ಎಲ್ಲೂ ಇಲ್ಲ. ಅದೇ ತೊಂದರೆ. ನೋಡಮ್ಮ, ನಿನ್ನ ಕೈಗೆ ಗಾಜು ಕೊಟ್ಟರೆ ಚೆನ್ನಾಗಿ ಬರುತ್ತೆ. ಮನುಷ್ಯರನ್ನ ಕೊಟ್ಟರೆ ಒಡೆದುಹಾಕ್ತೀಯ. ನಿನ್ನ ಪಕ್ಕದ ತಟ್ಟೆಗೆ ಕೂರಿಸಿದೋರಲ್ಲಿ ಎಷ್ಟು ಜನ ಉಳಿದರು, ನೀನೇ ಹೇಳು.”

ಉಳಿದವಳು ನಾದಿನಿಯೊಬ್ಬಳೇ. ಹೋಗಲು ಬೇರೆ ಜಾಗವಿಲ್ಲದ್ದರಿಂದ ಉಳಿದಳು ಎಂದು ಅತ್ತಿಗೆ ತನಗೆ ತಾನೇ ಹೇಳಿಕೊಂಡಳು. ಗುರುವಿಗೇ ತಿರುಮಂತ್ರ ಹಾಕುವವರನ್ನು ಲೋಕದಲ್ಲಿ ಕೇಳಿದ್ದಳು. ಅಂಥವಳನ್ನು ತನ್ನ ಮನೆಯಲ್ಲೇ ಸಾಕಿದ್ದು ಈಗ ಗೊತ್ತಾಯಿತು.

ಹೊಟ್ಟೆಕಿಚ್ಚನ್ನು ಅಳೆಯುವ ಉಪಕರಣವನ್ನು ಇನ್ನೂ ಯಾರೂ ಮಾಡಿಲ್ಲ. ಮಾಡಿದರೂ ಪ್ರಯೋಜನವಾಗಲಿಕ್ಕಿಲ್ಲ; ಅದು ಇರುವವರ ಕಣ್ಣು ಸ್ವತಃ ಒಂದು ಉಪಕರಣವಾಗಿಬಿಡುತ್ತದೆ, ಮತ್ತು ತಾನು ಹುಡುಕುವುದನ್ನು ಬಿಟ್ಟು ಬೇರೇನನ್ನೂ ದಾಖಲಿಸುವುದಿಲ್ಲ. ಅತ್ತಿಗೆಯ ಕಣ್ಣು ಆ ದಿನದಿಂದ ನಾದಿನಿಯನ್ನು ದಾಖಲಿಸತೊಡಗಿತು. ಅವಳ ನಗು ಮೊದಲಿಗಿಂತ ಜೋರಾಗಿದೆ. ಚಪ್ಪಲಿಯನ್ನು ಬಾಗಿಲ ನಡುಮಧ್ಯೆ ಬಿಡುತ್ತಾಳೆ. ಊಟಕ್ಕೆ ಕೂತಾಗ ಅಣ್ಣನ ಜೊತೆ ಕಾರ್ಖಾನೆಯ ಮಾತೇ ಆಡುವುದಿಲ್ಲ. ಅಂದರೆ, ತನಗೆ ನೋವಾಗಬಾರದೆಂದು ಎಚ್ಚರ ವಹಿಸುತ್ತಾಳೆ. ಆ ಎಚ್ಚರವಂತೂ ಗಾಯದ ಮೇಲೆ ಬರೆ ಎಳೆದಂತೆ. ಮಗಳು ಗಣಿತದ ಪುಸ್ತಕ ಹಿಡಿದು ತನ್ನನ್ನು ದಾಟಿಕೊಂಡು ನಾದಿನಿಯ ಕೋಣೆಗೆ ಹೋದಾಗ ಅತ್ತಿಗೆ ತಡೆದು ಕೇಳಿದಳು.

“ಯಾಕೆ, ನಾನು ಹೇಳಿಕೊಟ್ಟರೆ ತಲೆಗೆ ಹತ್ತಲ್ವಾ?”

“ಹತ್ತುತ್ತಮ್ಮ. ಆದ್ರೆ ಅತ್ತೆ ಹೇಳಿಕೊಟ್ಟರೆ ತಪ್ಪು ಮಾಡೋಕೆ ಭಯ ಆಗಲ್ಲ.”

ಬಸ್ ಕಂಡಕ್ಟರನಾದ ಗಂಡ ಇಬ್ಬರ ನಡುವೆ ಸಿಕ್ಕಿಕೊಂಡು ದಿನಾ ರಜೆ ಸಿಗದಿರಲಿ ಎಂದು ಹಾರೈಸುತ್ತಿದ್ದ. ಒಂದು ದಿನ ಆಕೆ ಪಾತ್ರೆಗಳನ್ನು ಕುಕ್ಕುವ ಸದ್ದು ಕೇಳಲಾರದೆ ಬಾಯಿಬಿಟ್ಟ.

“ಸೀಟಿಗಾಗಿ ಜಗಳ ನಾನು ಬಸ್ಸಲ್ಲಿ ದಿನಾ ನೋಡ್ತೀನಿ. ಒಬ್ಬರು ಕೂತಿರ್ತಾರೆ, ಒಬ್ಬರು ನಿಂತಿರ್ತಾರೆ. ಕೊನೆಗೆ ಇಬ್ಬರೂ ಒಂದೇ ಸ್ಟಾಪಲ್ಲಿ ಇಳೀತಾರೆ.”

“ಕಂಡಕ್ಟರಿಗೆ ಎರಡೂ ಒಂದೇ. ನಿಂತವರ ಕಾಲು ನೋಯೋದು ನಿಂತವರಿಗೆ ಗೊತ್ತು.”

“ಅದೂ ಸರಿ,” ಎಂದು ಆತ ರೈಟ್ ಹೇಳಿ ಹೊರಗೆ ನಡೆದ.

ಆಕೆಗೆ ಸಮಾಧಾನ ಕೊಡುತ್ತಿದ್ದುದು ಒಂದೇ ಒಂದು ಸಂಗತಿ. ಆ ಸ್ಟೂಲಿನ ಒಂದು ಕಾಲು ಗಿಡ್ಡ. ಮೇಸ್ತ್ರಿ ಅದರ ಕೆಳಗೆ ಚರ್ಮದ ತುಂಡೊಂದನ್ನು ಮಡಿಸಿ ಇಟ್ಟಿರುತ್ತಿದ್ದ. ಅವನು ಹೋದ ಮರುದಿನ ಕಸ ಗುಡಿಸುವಾಗ ಅದು ಹೊರಟುಹೋಗಿತ್ತು. ಸ್ಟೂಲು ಕುಂಟಲು ಕಾರಣ ಅತ್ತಿಗೆಗೆ ಗೊತ್ತಿತ್ತು. ಆಕೆ ಹೇಳಲಿಲ್ಲ. ನಾದಿನಿ ಗಾಜಿನ ಮೇಲೆ ಬಾಗಿದಾಗಲೆಲ್ಲ ಸ್ಟೂಲು ಟಕ್ ಎಂದು ಒಂದು ಕಡೆಗೆ ವಾಲುತ್ತಿತ್ತು. ಆ ಸದ್ದು ಅತ್ತಿಗೆಯ ಕಿವಿಗೆ ಇಂಪಾಗಿತ್ತು.

ನಾದಿನಿ ಮುಖ್ಯಸ್ಥೆಯಾಗಿ ಮಾಡಿದ ಮೊದಲ ಬದಲಾವಣೆಗೆ ಹಜಾರವೇ ಬೆರಗಾಯಿತು. ಮೇಸ್ತ್ರಿಯ ಕಾಲದಲ್ಲಿ ಗಾಜನ್ನು ಮೇಜಿನ ಮೇಲಿಟ್ಟು ತಲೆತಗ್ಗಿಸಿ ನಿಂತರೆ ತೀರ್ಪು ಮೇಲಿನಿಂದ ಬರುತ್ತಿತ್ತು. ನಾದಿನಿ ಪ್ರತಿಯೊಬ್ಬರೂ ತಮ್ಮ ಗಾಜನ್ನು ತಾವೇ ಮೊದಲು ದೀಪದಡಿ ನೋಡಿ, ಏನು ಕಂಡಿತೆಂದು ಹೇಳಿ, ಆಮೇಲೆ ತನಗೆ ಕೊಡಲಿ ಎಂದಳು.

“ಎಲ್ಲರೂ ಪರೀಕ್ಷಕರಾದ್ರೆ ತಪ್ಪು ಮಾಡೋರು ಯಾರು?” ಎಂದು ಅತ್ತಿಗೆ ತಟ್ಟೆಯಿಂದ ಕಣ್ಣೆತ್ತದೆ ಕೇಳಿದಳು. ಸಾಲಿನ ಉದ್ದಕ್ಕೂ ಮುಸಿಮುಸಿ ನಗು ಹರಿಯಿತು.

“ತಪ್ಪು ಮಾಡೋಕೆ ನಾನಿದ್ದೀನಲ್ಲ ಅತ್ತಿಗೆ,” ಎಂದಳು ನಾದಿನಿ. ಈ ಸಲ ನಗು ಇನ್ನೂ ಜೋರಾಯಿತು, ಮತ್ತು ಅದು ಬೇರೆ ಬಗೆಯ ನಗು. ಅತ್ತಿಗೆಗೆ ಅದರ ವ್ಯತ್ಯಾಸ ತಿಳಿಯಿತು; ತಿಳಿದದ್ದೇ ಉರಿಗೆ ಎಣ್ಣೆಯಾಯಿತು.

ಹಿಂದಿರುಗುವ ಗಾಜುಗಳು ಬರಬರುತ್ತ ಕಡಿಮೆಯಾದವು. ಹೊಸದಾಗಿ ಸೇರಿದ ಹೆಂಗಸರು ಸೊಟ್ಟ ಬಳೆಗಳನ್ನು ಕಂಡು ತಾವೇ ನಕ್ಕು ತಟ್ಟೆಗೆ ಮರಳುತ್ತಿದ್ದರು. ಇದು ತಾನು ಕಲಿಸಿದವಳ ಗೆಲುವು, ಅಷ್ಟರಮಟ್ಟಿಗೆ ತನ್ನದೂ ಹೌದು ಎಂದು ಯೋಚಿಸುವ ದಾರಿಯೊಂದು ಅತ್ತಿಗೆಗೆ ತೆರೆದೇ ಇತ್ತು. ಹೊಟ್ಟೆ ಉರಿಯುವವರಿಗೆ ತೆರೆದ ದಾರಿ ಕಾಣುವುದು ಕಡಿಮೆ. ಆಕೆ ಒಂದು ತಪ್ಪಿಗಾಗಿ ಕಾದಳು. ನಾದಿನಿ ಒಪ್ಪಿದ, ಆದರೆ ಒಪ್ಪಬಾರದಿದ್ದ ಒಂದೇ ಒಂದು ಗಾಜು.

ಕಣ್ಣಾಸ್ಪತ್ರೆಯೊಂದರ ಉಪಕರಣಗಳಿಗೆ ಮಸೂರ ಬೇಕೆಂದು ದೊಡ್ಡ ಕೆಲಸ ಬಂದಿತ್ತು. ಒಪ್ಪಿದ ಗಾಜುಗಳು ಮರದ ತಟ್ಟೆಯೊಂದರಲ್ಲಿ ಸಾಲಾಗಿ ಮೇಜಿನ ಮೇಲಿದ್ದವು. ಮಧ್ಯಾಹ್ನ ಎಲ್ಲರೂ ಡಬ್ಬಿ ಹಿಡಿದು ಹಿಂದಿನ ಅಂಗಳಕ್ಕೆ ಹೋದರು. ಅತ್ತಿಗೆ ಹೋಗಲಿಲ್ಲ. ಇನ್ನೂ ಬೆಚ್ಚಗಿದ್ದ, ಕೆಂಪು ಹತ್ತಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮೇಜಿನ ಬಳಿ ಬಂದಳು. ಸ್ಟೂಲಿನ ಮೇಲೆ ಕೂರಬೇಕೆನ್ನಿಸಿತು, ಕೂರಲಿಲ್ಲ.

ಹೊಸಬಳೊಬ್ಬಳು ಉಜ್ಜಿ, ನಾದಿನಿ ಒಪ್ಪಿದ್ದ ಗಾಜೊಂದನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು, ಬಟ್ಟೆಯಿಂದ ಒರೆಸಿದಳು, ಬಾಯಿಂದ ಹಬೆಯೂದಿ ಮತ್ತೆ ಒರೆಸಿದಳು, ಅಂಚಿನಲ್ಲಿ ಹೆಬ್ಬೆರಳೊತ್ತಿ ಬಹಳ ಹೊತ್ತು ನೋಡುತ್ತಲೇ ನಿಂತಳು. ಆಮೇಲೆ ಮಾದರಿ ಗಾಜನ್ನು ಅದರ ಮೇಲಿಟ್ಟು ದೀಪದಡಿ ತಂದಳು.

ಬಳೆಗಳು ಸೊಟ್ಟಗಿದ್ದವು. ಒಂದು ಅಂಚಿನಲ್ಲಿ, ಯಾರೋ ಜಗ್ಗಿ ಎಳೆದಂತೆ, ಎಲ್ಲವೂ ಒತ್ತಾಗಿ ಬಾಗಿದ್ದವು.

ಆಗ ಅತ್ತಿಗೆಗೆ ಆದ ಸಂತೋಷವನ್ನು ಸಣ್ಣದೆನ್ನುವಂತಿಲ್ಲ. ಮಗಳು ಹುಟ್ಟಿದಾಗ ಹೀಗಾಗಿತ್ತು; ಆದರೆ ಅದನ್ನು ಯಾರಿಂದಲೂ ಬಚ್ಚಿಡಬೇಕಾಗಿರಲಿಲ್ಲ. ಎರಡೂ ಗಾಜುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಜಾರದ ಉದ್ದಕ್ಕೂ ನಡೆದು ಯಜಮಾನರ ಕೋಣೆಯ ಬಾಗಿಲು ತಟ್ಟಿದಳು.

“ಬನ್ನಿ ಸರ್, ನಿಮ್ಮ ಹೊಸ ಮುಖ್ಯಸ್ಥೆ ಒಪ್ಪಿದ ಗಾಜು ನೋಡಿ ಬನ್ನಿ. ಇದು ಕಣ್ಣಾಸ್ಪತ್ರೆಗೆ ಹೋಗೋ ಗಾಜು!”

ಯಜಮಾನರು ಬಂದರು. ಸದ್ದು ಕೇಳಿ ಅಂಗಳದವರೂ ಒಬ್ಬೊಬ್ಬರಾಗಿ ಒಳಬಂದರು. ರೇಡಿಯೊ ತುತ್ತು ಬಾಯಲ್ಲಿರುವಂತೆಯೇ ಮುಂದಿನ ಸಾಲಿಗೆ ನುಗ್ಗಿದಳು. ಅತ್ತಿಗೆ ಎರಡೂ ಗಾಜುಗಳನ್ನು ಜೋಡಿಸಿ ದೀಪದಡಿ ಹಿಡಿದಳು. ಬಳೆಗಳು ಮೊದಲಿಗಿಂತಲೂ ಕೆಟ್ಟಿದ್ದವು. ಯಜಮಾನರು ಹುಬ್ಬು ಗಂಟಿಕ್ಕಿದರು. ಕೈ ತೊಳೆಯಲು ಹೋಗಿದ್ದ ನಾದಿನಿ ಒದ್ದೆ ಕೈಯಲ್ಲೇ ಬಂದು ನಿಂತಳು.

“ಇದು ಸರಿಯಾದ ಗಾಜೇ ಆಗಿದ್ದರೆ,” ಎಂದಳು ಅತ್ತಿಗೆ, ಯಾರೂ ಕೇಳದೆಯೇ, ಎಲ್ಲರಿಗೂ ಕೇಳುವಂತೆ, “ನಾನು ಈ ಏಪ್ರನ್ ಬಿಚ್ಚಿಟ್ಟು ಮನೆಗೆ ಹೋಗ್ತೀನಿ. ಮತ್ತೆ ಈ ಹೊಸಿಲು ತುಳಿಯಲ್ಲ.”

ನಾದಿನಿ ಗಾಜನ್ನು ನೋಡಲಿಲ್ಲ. ಅದನ್ನು ಹಿಡಿದ ಕೈಯನ್ನು ನೋಡಿದಳು. ಕೆಂಪು ಹತ್ತಿದ, ಅಂಚಿಗೆ ಒತ್ತಿದ ಹೆಬ್ಬೆರಳನ್ನು ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

“ಎರಡನ್ನೂ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಇಡೋಣ ಅತ್ತಿಗೆ.”

ಆ ಮಾತು ಕಿವಿಗೆ ಬಿದ್ದ ಕ್ಷಣವೇ ಅತ್ತಿಗೆಗೆ ಎಲ್ಲವೂ ತಿಳಿದುಹೋಯಿತು. ಹೆಬ್ಬೆರಳಿನಲ್ಲೇ ತಿಳಿಯಿತು. ಗಾಜು ಬೆಚ್ಚಗಿತ್ತು, ಆಗತಾನೇ ಇಟ್ಟ ಮೊಟ್ಟೆಯಂತೆ. ಹೊಸಬರು ಮೊದಲ ವಾರ ಮಾಡಿ ಬೈಸಿಕೊಳ್ಳುವ ತಪ್ಪು. ತಾನೇ ಬೈದ ತಪ್ಪು. ಕೈಯ ಶಾಖವನ್ನು ಗಾಜಿನ ದೋಷವೆಂದು ಓದುವ ತಪ್ಪು. ತನ್ನೆಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕಿದ್ದಳು, ಆ ನೊಣವೂ ಅಲ್ಲಿರಲಿಲ್ಲ.

ಕಲ್ಲಿನ ಮೇಲೆ ಎರಡು ಗಾಜುಗಳು ಮಲಗಿದವು. ಯಾರೂ ಊಟಕ್ಕೆ ಮರಳಲಿಲ್ಲ. ಯಜಮಾನರು ಕಿಟಕಿಯ ಹೊರಗೆ ನೋಡಿದರು. ಅತ್ತಿಗೆ, ಇರುವ ದೇವರಿಗೂ ಇರದ ದೇವರಿಗೂ, ಆ ಗಾಜು ನಿಜವಾಗಿಯೂ ಕೆಟ್ಟಿರಲಿ ಎಂದು ಬೇಡಿಕೊಂಡಳು. ಆದರೆ ಗಾಜಿಗೆ ಹರಕೆ ತಿಳಿಯದು. ಅದು ತಣಿಯಿತು, ಅಷ್ಟೇ.

ನಾದಿನಿ ಚಿಮಟದಲ್ಲಿ ಎರಡೂ ಗಾಜುಗಳನ್ನು ಎತ್ತಿ, ಬೆರಳು ಸೋಕಿಸದೆ, ಒಂದರ ಮೇಲೊಂದಾಗಿ ದೀಪದಡಿ ಇಟ್ಟಳು. ಬಳೆಗಳು ದುಂಡಗಿದ್ದವು. ಕೆರೆಗೆ ಕಲ್ಲು ಬಿದ್ದಾಗ ಏಳುವ ಅಲೆಗಳ ಹಾಗೆ, ಒಂದರೊಳಗೊಂದು.

“ಊಟ ಮುಗಿಸಿ ಎಲ್ಲರೂ,” ಎಂದು ಹೇಳಿ ಯಜಮಾನರು ಹೊರಟುಹೋದರು. ಯಾರೂ ಕದಲಲಿಲ್ಲ. ಅತ್ತಿಗೆಯ ಕೈ ಬೆನ್ನ ಹಿಂದೆ ಏಪ್ರನ್ನಿನ ಗಂಟಿಗೆ ಹೋಯಿತು. ಎಷ್ಟೋ ವರ್ಷ ಕಣ್ಣುಮುಚ್ಚಿ ಬಿಚ್ಚಿದ ಗಂಟು ಈಗ ಬಿಗಿಯಿತು.

“ಹೋಗೋದಾದ್ರೆ ನಾನು ತಡೆಯಲ್ಲ ಅತ್ತಿಗೆ,” ಎಂದಳು ನಾದಿನಿ. “ನೀವು ಆಡಿದ ಮಾತು, ನಿಮ್ಮಿಷ್ಟ. ಆದ್ರೆ ಈಗ ಆಗಿದ್ದು ಏನು ಅಂತ ಈ ಹೊಸಬರಿಗೆ ಹೇಳಿ ಹೋಗಿ. ನಾನು ಹೇಳಿದ್ರೆ ನಿಮ್ಮ ಮೇಲೆ ದೂರು ಹೇಳಿದ ಹಾಗಿರುತ್ತೆ. ನೀವು ಹೇಳಿದ್ರೆ ಪಾಠ ಆಗುತ್ತೆ.”

ಅತ್ತಿಗೆ ಅವಳ ಮುಖವನ್ನು ಹುಡುಕಿದಳು. ಅಣಕ ಇರಬೇಕಿತ್ತು, ತಾನಾಗಿದ್ದರೆ ಇಟ್ಟುಕೊಂಡಿರುತ್ತಿದ್ದಳು. ಇಂಥ ಗೆಲುವು ತನಗೆ ಸಿಕ್ಕಿದ್ದರೆ ಅದನ್ನು ಬಾಯಲ್ಲಿಟ್ಟು ಚಪ್ಪರಿಸದೆ ಬಿಡುತ್ತಿರಲಿಲ್ಲ. ಇವಳು ಅದನ್ನು ಎತ್ತಿ ಪಕ್ಕಕ್ಕಿಟ್ಟು ಕೆಲಸದ ಮಾತಾಡುತ್ತಿದ್ದಾಳೆ. ಆ ಕ್ಷಣದಲ್ಲಿ ಅತ್ತಿಗೆಗೆ ಹೊಟ್ಟೆಕಿಚ್ಚು ಬಂದಷ್ಟು ಹಿಂದೆ ಎಂದೂ ಬಂದಿರಲಿಲ್ಲ. ಅದು ಸ್ಟೂಲಿನ ಬಗ್ಗೆ ಆಗಿರಲಿಲ್ಲ. ಸ್ಟೂಲನ್ನಾದರೂ ಯಜಮಾನರು ಕೊಡಬಹುದು, ಕಿತ್ತುಕೊಳ್ಳಬಹುದು. ಈ ಗುಣವನ್ನು ಯಾರನ್ನು ಕೇಳಿ ಪಡೆಯುವುದು?

“ಬನ್ನಿ ಇಲ್ಲಿ,” ಎಂದಳು ಅತ್ತಿಗೆ ಹೊಸಬರಿಗೆ. “ನನ್ನ ಹೆಬ್ಬೆರಳು ಮುಟ್ಟಿ ನೋಡಿ. ಬಿಸಿ ಇದೆಯಾ? ಇದೇ ಆ ಸೊಟ್ಟ.”

ಒಬ್ಬಳು ಅಳುಕುತ್ತ ಮುಟ್ಟಿದಳು. ಇನ್ನೊಬ್ಬಳು ತಾನೂ ಗಾಜು ಹಿಡಿದು ನೋಡಬಹುದೇ ಎಂದು ಕೇಳಿದಳು. ಅತ್ತಿಗೆ ಕೊಟ್ಟಳು. ಬಳೆಗಳು ಅವಳ ಬೆರಳಿನ ಕಡೆಗೆ ಬಾಗುವುದನ್ನೂ, ಕಲ್ಲಿನ ಮೇಲಿಟ್ಟಾಗ ಮರಳುವುದನ್ನೂ ಎಲ್ಲರೂ ನೋಡಿದರು. ಕೇಳಲು ಹೆದರದವರಿಗೆ ಎಷ್ಟೊಂದು ಪ್ರಶ್ನೆಗಳಿರುತ್ತವೆಂದು ಅತ್ತಿಗೆಗೆ ತಿಳಿದಿರಲಿಲ್ಲ. ಒಂದಕ್ಕೆ ಉತ್ತರಿಸಿದರೆ ಇನ್ನೊಂದು. ಅದಕ್ಕೆ ಉತ್ತರಿಸಲು ಒಂದು ಗಾಜು ಉಜ್ಜಿ ತೋರಿಸಬೇಕಾಯಿತು. ಉಜ್ಜುವಾಗ ಮತ್ತೊಬ್ಬಳು ಒತ್ತುವ ಬಗೆ ತಪ್ಪಿದ್ದು ಕಂಡಿತು. ಬೈಯಲು ಬಾಯಿ ತೆರೆದವಳು, ಆ ದಿನದ ಮಟ್ಟಿಗೆ ಬೈಯುವ ಹಕ್ಕು ತನಗಿಲ್ಲವೆಂದು ನೆನಪಾಗಿ, ಕೈಹಿಡಿದು ತೋರಿಸಿದಳು. ಅಷ್ಟರಲ್ಲಿ ಕೆಲಸ ಬಿಡುವ ಗಂಟೆ ಹೊಡೆಯಿತು.

“ಏಪ್ರನ್ ಬಿಚ್ತೀನಿ ಅಂದಿದ್ರಲ್ಲ ಅತ್ತಿಗೆ?” ಎಂದಳು ರೇಡಿಯೊ, ಬಾಗಿಲ ಬಳಿ.

“ಬಿಚ್ಚಿದೆನಲ್ಲ. ಎಲ್ಲರೂ ಬಿಚ್ಚೋ ಹೊತ್ತಿಗೆ.”

ಆ ಸುದ್ದಿ ಬಿತ್ತರವಾದ ಪರಿಯನ್ನು ಹೇಳಬೇಕಾಗಿಲ್ಲ. ಆಕೆಗಿಂತ ಮೊದಲೇ ಅದು ಗಂಡನ ಬಸ್ಸು ಹತ್ತಿತ್ತು. ಆತ ಅಂದು ಮನೆಯಲ್ಲಿ ಪಾತ್ರೆಗಳನ್ನು ತಾನೇ ತೊಳೆದಿಟ್ಟ.

ಅಂದಿನಿಂದ ಅತ್ತಿಗೆ ಹೊಸ ಮನುಷ್ಯಳಾದಳೆಂದು ಯಾರಾದರೂ ಹೇಳಿದರೆ ನಂಬಬಾರದು. ಮನುಷ್ಯರು ಗಾಜಿಗಿಂತ ನಿಧಾನವಾಗಿ ತಣಿಯುತ್ತಾರೆ, ಕೆಲವರು ಪೂರ್ತಿ ತಣಿಯುವುದೇ ಇಲ್ಲ. ಹೊಸಬರನ್ನು ಪಳಗಿಸುವ ಕೆಲಸ ಯಾರೂ ಆದೇಶಿಸದೆಯೇ ಆಕೆಯ ಪಾಲಿಗೆ ಬಂತು. ಬಂದವರಲ್ಲಿ ಹೆಚ್ಚಿನವರು ಉಳಿದರು. ಮೊದಲ ದಿನ ಆಕೆ ಕಲಿಸುತ್ತಿದ್ದುದು ತನ್ನ ಹೆಬ್ಬೆರಳಿನ ಕಥೆ. ಆದರೂ ಹಜಾರದ ಕೊನೆಯಿಂದ ನಾದಿನಿಯ ನಗು ಕೇಳಿದಾಗ ಎದೆಯೊಳಗೆ ಮುಳ್ಳು ಚುಚ್ಚಿದಂತಾಗುವುದು ನಿಲ್ಲಲಿಲ್ಲ. ಅದು ಅಲ್ಲಿದೆಯೆಂದು ಈಗ ಆಕೆಗೆ ಗೊತ್ತಿತ್ತು, ಮತ್ತು ಅದು ಉರಿಯುತ್ತಿರುವಾಗ ತೀರ್ಪು ಕೊಡಲು ಹೋಗುತ್ತಿರಲಿಲ್ಲ. ಅಷ್ಟೇ ಬದಲಾವಣೆ.

ಒಂದು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕಾರ್ಖಾನೆಗೆ ಬಂದಳು. ಚೀಲದಲ್ಲಿ ಹಳೆಯ ಚಪ್ಪಲಿಯಿಂದ ಕತ್ತರಿಸಿ ಮಡಿಸಿದ ಚರ್ಮದ ತುಂಡಿತ್ತು. ಮನೆಯಲ್ಲಿ ಯಾರಿಗೂ ಕಾಣದಂತೆ ಅದನ್ನು ಕತ್ತರಿಸಲು ಹರಸಾಹಸ ಮಾಡಿದ್ದಳು. ಇಂಥ ಔದಾರ್ಯ ತನಗೂ ಬರುತ್ತದೆಂದು ಒಳಗೊಳಗೇ ಬೀಗುತ್ತ ಪರೀಕ್ಷೆಯ ಮೇಜಿನ ಹಿಂದೆ ಹೋಗಿ, ಮೊಣಕಾಲೂರಿ, ಸ್ಟೂಲಿನ ಗಿಡ್ಡ ಕಾಲಿಗಾಗಿ ಕೈಯಾಡಿಸಿದಳು.

ಕಾಲು ಗಿಡ್ಡವಿರಲಿಲ್ಲ. ಅದರ ತುದಿಗೆ ಯಾರೋ ಮರದ ಬಿಲ್ಲೆಯೊಂದನ್ನು ಅಂಟಿಸಿ, ಅಂಚನ್ನು ಉಜ್ಜಿ ನಯಗೊಳಿಸಿ, ಸ್ಟೂಲಿನದೇ ಬಣ್ಣ ಬಳಿದಿದ್ದರು. ಬೆರಳಾಡಿಸಿದರೆ ಬೆಸುಗೆಯ ಗೆರೆಯೂ ಸಿಗಲಿಲ್ಲ. ಅಷ್ಟು ಚೊಕ್ಕ ಕೈ ಹಜಾರದಲ್ಲಿ ಇಬ್ಬರದೇ ಇತ್ತು, ಒಂದು ತನ್ನದು.

ಅದಕ್ಕೂ ಹೊಟ್ಟೆ ಉರಿಯಿತು. ಅತ್ತಿಗೆ ಚರ್ಮದ ತುಂಡನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು, ನಲ್ಲಿಯ ಕೆಳಗೆ ಕೈಯೊಡ್ಡಿ ತಣ್ಣಗಾಗುವವರೆಗೆ ನಿಂತಳು, ಆಮೇಲೆ ಅಂದಿನ ಮೊದಲ ಗಾಜನ್ನು ಎತ್ತಿಕೊಂಡಳು.